ರೇಸಿಂಗ್ ಸಿಮ್ಯುಲೇಟರ್: ಒಂದು ಅನುಕರಣವಿದ್ಯೆಯ ಇತಿಹಾಸ

ಅಪಾಯವುಳ್ಳ ವಿದ್ಯೆಯನ್ನು ಅಪಾಯವಿಲ್ಲದ ಎಡೆಯಲ್ಲಿ ಕಲಿಯಬೇಕೆಂಬ ಬಯಕೆ ಮನುಷ್ಯನಲ್ಲಿ ಬಹು ಪುರಾತನವಾದುದು. ಗರಡಿಯ ಮಣ್ಣಿನಲ್ಲಿ ಮರದ ಕತ್ತಿಯನ್ನು ಹಿಡಿದು ವರ್ಷಗಟ್ಟಲೆ ಸಾಧನೆಮಾಡಿದವನೇ ರಣರಂಗದಲ್ಲಿ ಉಕ್ಕಿನ ಕತ್ತಿಯನ್ನು ಧೈರ್ಯದಿಂದ ಹಿರಿಯಬಲ್ಲನಷ್ಟೆ. ಆದರೆ ಆ ಮರದ ಕತ್ತಿಯ ತೂಕವು ನಿಜವಾದ ಕತ್ತಿಯ ತೂಕಕ್ಕೆ ಹೊಂದದೆ ಹೋದಲ್ಲಿ ಕೈಯು ತಪ್ಪನ್ನೇ ಕಲಿಯುವುದು, ಮತ್ತು ಹಾಗೆ ಕಲಿತ ತಪ್ಪು ಏನನ್ನೂ ಕಲಿಯದಿರುವುದಕ್ಕಿಂತ ಹೆಚ್ಚಿನ ಕೇಡನ್ನು ತರುವುದು. ಮೋಟಾರು ಪಂದ್ಯದ ಅನುಭವವನ್ನು ಕೋಣೆಯೊಳಗೆ ಕಟ್ಟಿಕೊಡಲು ಹೊರಟ ಸಿಮ್ಯುಲೇಟರ್ ಎಂಬ ಯಂತ್ರದ ನಾಲ್ಕು ದಶಕಗಳ ಚರಿತ್ರೆಯನ್ನು ಪರಿಶೀಲಿಸಿದರೆ, ಅದರ ನಿರ್ಮಾತೃಗಳನ್ನು ಕಾಡಿದ ಪ್ರಶ್ನೆಗಳೆಲ್ಲವೂ ಕಟ್ಟಕಡೆಗೆ ಎರಡೇ ವಿಷಯಗಳಿಗೆ ಸಂಬಂಧಿಸಿದುವೆಂದು ತಿಳಿದುಬರುತ್ತದೆ: ಟೈರು ನೆಲವನ್ನು ಮುಟ್ಟುವ ಬಗೆ ಒಂದು, ಕಾಲದ ನಿಷ್ಠೆ ಮತ್ತೊಂದು. ಚಿತ್ರದ ಸೊಬಗು ಇವೆರಡರ ಹಿಂದಿನ ಮಾತು.

ಈ ವಿದ್ಯೆಯ ಹಿರಿಯಕ್ಕನೆನ್ನಬಹುದಾದ ವಿಮಾನಾಭ್ಯಾಸದ ಯಂತ್ರವನ್ನು ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಬಿಂಗ್‌ಹ್ಯಾಮ್ಟನ್ ಪಟ್ಟಣದಲ್ಲಿ ಎಡ್ವಿನ್ ಲಿಂಕ್ ಎಂಬಾತನು 1929ರಲ್ಲಿ ನಿರ್ಮಿಸಿದನು. ತಂದೆಯ ಕಾರ್ಖಾನೆಯಲ್ಲಿ ಆರ್ಗನ್ ವಾದ್ಯಗಳಿಗೆಂದು ಸಿದ್ಧವಾಗುತ್ತಿದ್ದ ತಿದಿಗಳನ್ನೇ ಬಳಸಿ, ಗಾಳಿಯ ಒತ್ತಡದಿಂದ ಓಲಾಡುವ ಒಂದು ಪುಟ್ಟ ವಿಮಾನದ ಗೂಡನ್ನು ಆತನು ರಚಿಸಿದ್ದನು. ಕೆಲಕಾಲ ಅದು ಜಾತ್ರೆಯ ವಿನೋದವೆಂದೇ ಪರಿಗಣಿತವಾಗಿತ್ತು. 1934ರಲ್ಲಿ ಅಮೆರಿಕದ ಸೈನ್ಯವು ಅಂಚೆಯನ್ನು ವಿಮಾನದಲ್ಲಿ ಒಯ್ಯುವ ಹೊಣೆಯನ್ನು ಹೊತ್ತು, ಮೋಡ ಮಂಜುಗಳ ನಡುವೆ ಹಾರಲು ಅಭ್ಯಾಸವಿಲ್ಲದ ಹಲವು ಚಾಲಕರನ್ನು ಕಳೆದುಕೊಂಡ ಮೇಲೆಯೇ, ಸರ್ಕಾರವು ಆ ಯಂತ್ರಗಳಲ್ಲಿ ಆರನ್ನು ಕೊಂಡಿತು. ಮೋಡದೊಳಗೆ ಹಾರುವವನಿಗೆ ಹೊರಗಿನ ದೃಶ್ಯವೇ ಇಲ್ಲದುದರಿಂದ ಮಾಪಕಗಳ ಮುಳ್ಳುಗಳ ಚಲನೆಯನ್ನು ಅನುಕರಿಸಿದರೆ ಆಗ ಸಾಕಾಗುತ್ತಿತ್ತು. ರೇಸಿನ ಚಾಲಕನಿಗಾದರೋ ಕಣ್ಣಮುಂದೆ ಧಾವಿಸಿಬರುವ ರಸ್ತೆ ಬೇಕು, ಕೈಯಲ್ಲಿ ಸ್ಟಿಯರಿಂಗಿನ ಪ್ರತಿಕ್ರಿಯೆ ಬೇಕು, ಬೆನ್ನಿಗೆ ಆಸನದ ಒತ್ತು ಬೇಕು. ಆದ್ದರಿಂದ ಆತನ ಯಂತ್ರವು ಕಂಪ್ಯೂಟರು ಮನೆಮನೆಯನ್ನು ಸೇರುವವರೆಗೂ ಕಾಯಬೇಕಾಯಿತು.

ಜಪಾನಿನ ನ್ಯಾಮ್ಕೋ ಸಂಸ್ಥೆಯು 1982ರಲ್ಲಿ ಹೊರತಂದ 'ಪೋಲ್ ಪೊಸಿಷನ್' ಎಂಬ ಆಟದಲ್ಲಿ ಫ್ಯೂಜಿ ಪಂದ್ಯಪಥದ ಹೋಲಿಕೆಯಿದ್ದಿತು. ಆದರೆ ಅಲ್ಲಿ ಓಡುತ್ತಿದ್ದುದು ಚಿತ್ರವೇ ಹೊರತು ಗಾಡಿಯಲ್ಲ. ಗಾಡಿಯ ಭೌತಶಾಸ್ತ್ರವನ್ನು ಮನೆಯ ಯಂತ್ರದೊಳಕ್ಕೆ ತಂದವರಲ್ಲಿ ಅಗ್ರಗಣ್ಯನಾದವನು ಇಂಗ್ಲೆಂಡಿನ ಜೆಫ್ ಕ್ರಾಮಂಡ್. ಆತನ 'ರೆವ್ಸ್' 1984ರಲ್ಲಿ ಬಿ.ಬಿ.ಸಿ. ಮೈಕ್ರೋ ಎಂಬ ಕಂಪ್ಯೂಟರಿಗಾಗಿ ಪ್ರಕಟವಾಯಿತು. ಸಿಲ್ವರ್‌ಸ್ಟೋನ್ ಪಥದಲ್ಲಿ ಓಡುವ ಫಾರ್ಮುಲಾ ಮೂರರ ಗಾಡಿಯೇ ಅದರ ವಸ್ತು. ಆ ದರ್ಜೆಯ ಪಂದ್ಯಗಳಲ್ಲಿ ಸ್ಪರ್ಧಿಸುತ್ತಿದ್ದ ಡೇವಿಡ್ ಹಂಟ್ ಆತನಿಗೆ ಸಲಹೆಗಾರನಾಗಿದ್ದನು. ಆ ಕಂಪ್ಯೂಟರಿನ ಸ್ಮೃತಿಯಾದರೋ ಕೇವಲ 32 ಕಿಲೋಬೈಟು, ಅದರಲ್ಲಿಯೂ ಒಂದು ಪಾಲು ತೆರೆಯ ಚಿತ್ರಕ್ಕೇ ಮೀಸಲು. ಸ್ಥಳವು ಸಾಲದೆ ಹೋದಾಗ ಕ್ರಾಮಂಡನು ತೆರೆಯ ಮೇಲ್ಭಾಗದಲ್ಲಿ ಆಕಾಶಕ್ಕೆಂದು ಬಿಟ್ಟಿದ್ದ ಸ್ಮೃತಿಯಲ್ಲಿಯೇ ಆಟದ ಆದೇಶಗಳನ್ನು ತುಂಬಿಸಿ, ಆ ಭಾಗದ ಬಣ್ಣಗಳೆಲ್ಲವೂ ನೀಲಿಯಾಗಿಯೇ ಕಾಣುವಂತೆ ಏರ್ಪಡಿಸಿದನು. ಆಟಗಾರನಿಗೆ ಶುಭ್ರವಾದ ಬಾನಾಗಿ ಕಂಡುದು ವಾಸ್ತವವಾಗಿ ಗಣಿತದ ಉಗ್ರಾಣವಾಗಿದ್ದಿತು. ಚಿತ್ರಕ್ಕೆ ಸಲ್ಲಬೇಕಾದ ಸ್ಥಳವನ್ನು ಕಿತ್ತು ಚಲನಶಾಸ್ತ್ರಕ್ಕೆ ಕೊಟ್ಟ ಈ ನಿರ್ಧಾರವು ಈ ವಿದ್ಯೆಯ ಸದಭಿರುಚಿಯನ್ನು ಆರಂಭದಲ್ಲಿಯೇ ತೋರಿಸಿತೆಂದು ನಾನು ಭಾವಿಸುತ್ತೇನೆ.

ಇದೇ ಕ್ರಾಮಂಡನು 1996ರಲ್ಲಿ ಹೊರತಂದ 'ಗ್ರ್ಯಾಂಡ್ ಪ್ರೀ 2'ರಲ್ಲಿ ಕಾಲದ ಪ್ರಶ್ನೆಯು ಸ್ಪಷ್ಟವಾಗಿ ಮೇಲೆದ್ದಿತು. ಕಂಪ್ಯೂಟರು ಒಂದು ಕ್ಷಣದಲ್ಲಿ ಮಾಡಬಲ್ಲ ಲೆಕ್ಕಕ್ಕೆ ಒಂದು ಮೇರೆಯುಂಟು. ಇಪ್ಪತ್ತಕ್ಕೂ ಹೆಚ್ಚು ಗಾಡಿಗಳು ಮೊದಲ ತಿರುವಿನಲ್ಲಿ ಒಟ್ಟಿಗೆ ಕಂಡಾಗ ಆ ಮೇರೆಯು ಮೀರಿಹೋಗುತ್ತದೆ. ಆಗ ನಿರ್ಮಾತೃವಿಗೆ ಎರಡು ದಾರಿಗಳಿವೆ: ಚಿತ್ರಗಳನ್ನು ಬಿಟ್ಟುಬಿಟ್ಟು ಕಾಲವನ್ನು ಮುಂದೆ ಓಡಿಸುವುದು, ಇಲ್ಲವೆ ಚಿತ್ರಗಳನ್ನು ಉಳಿಸಿಕೊಂಡು ಕಾಲವನ್ನೇ ನಿಧಾನಗೊಳಿಸುವುದು. ಕ್ರಾಮಂಡನು ಎರಡನೆಯದನ್ನು ಆರಿಸಿದನು. ಆದರೆ ಅದನ್ನು ಮರೆಮಾಚಲಿಲ್ಲ. ಒಂದು ಕೀಲಿಯನ್ನು ಒತ್ತಿದರೆ ಪ್ರೊಸೆಸರಿನ ಮೇಲೆ ಬಿದ್ದಿರುವ ಭಾರವು ಶೇಕಡಾ ಎಷ್ಟೆಂಬುದು ತೆರೆಯ ಮೇಲೆ ಕಾಣುತ್ತಿತ್ತು. ಆ ಸಂಖ್ಯೆಯು ನೂರನ್ನು ದಾಟಿತೆಂದರೆ ಆಟದ ಒಂದು ಸೆಕೆಂಡು ಲೋಕದ ಒಂದು ಸೆಕೆಂಡಿಗಿಂತ ದೀರ್ಘವಾಗಿದೆಯೆಂದೂ, ಚಾಲಕನಿಗೆ ಯೋಚಿಸಲು ನ್ಯಾಯವಾಗಿ ದೊರೆಯಬಾರದ ಅವಕಾಶವು ದೊರೆಯುತ್ತಿದೆಯೆಂದೂ ಅರ್ಥ. ನಿಷ್ಠಾವಂತರಾದ ಆಟಗಾರರು ಹೊಗೆ, ನೆರಳು, ಹುಲ್ಲಿನ ಮೇಲ್ಮೈ ಮೊದಲಾದ ಅಲಂಕಾರಗಳನ್ನು ಒಂದೊಂದಾಗಿ ತ್ಯಜಿಸಿ ಆ ಸಂಖ್ಯೆಯನ್ನು ನೂರರ ಒಳಗೆ ತರುತ್ತಿದ್ದರು. ಯಂತ್ರವೊಂದು ತನ್ನ ದೌರ್ಬಲ್ಯವನ್ನು ಅಂಕಿಯಲ್ಲಿ ಒಪ್ಪಿಕೊಂಡ ಈ ನಿದರ್ಶನವು ಗೌರವಾರ್ಹವಾದುದು.

ಅಟ್ಲಾಂಟಿಕ್ ಸಾಗರದ ಆಚೆಯ ದಡದಲ್ಲಿ, ಮ್ಯಾಸಚೂಸೆಟ್ಸಿನಲ್ಲಿ, ಡೇವಿಡ್ ಕೇಮರ್ ಮತ್ತು ಓಮರ್ ಖುದಾರಿ ಎಂಬಿಬ್ಬರು 1987ರಲ್ಲಿ ಪಪೈರಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದ್ದರು. ಎರಡು ವರ್ಷಗಳ ಅನಂತರ ಅವರು ಪ್ರಕಟಿಸಿದ 'ಇಂಡಿಯಾನಾಪೊಲಿಸ್ 500'ರಲ್ಲಿ 33 ಗಾಡಿಗಳು 200 ಸುತ್ತುಗಳ ಸಂಪೂರ್ಣ ಪಂದ್ಯವನ್ನು ಓಡಬಹುದಾಗಿದ್ದಿತು; ರೆಕ್ಕೆಗಳ ಕೋನ, ಟೈರುಗಳ ಒತ್ತಡ, ಎಡಬಲ ಚಕ್ರಗಳ ಗಾತ್ರದ ವ್ಯತ್ಯಾಸ ಇವುಗಳನ್ನೆಲ್ಲ ಚಾಲಕನೇ ಹೊಂದಿಸಿಕೊಳ್ಳಬೇಕಾಗಿತ್ತು. ಆ ವರ್ಷದಲ್ಲಿಯೇ ಅಟಾರಿ ಸಂಸ್ಥೆಯು ಆಟದಂಗಡಿಗಳಿಗೆ ತಂದ 'ಹಾರ್ಡ್ ಡ್ರೈವಿನ್' ಯಂತ್ರದಲ್ಲಿ ಕ್ಲಚ್ಚು, ಗೇರುಗಳಲ್ಲದೆ, ಮೋಟಾರಿನಿಂದ ಕೈಗೆ ಪ್ರತಿಬಲವನ್ನು ಕೊಡುವ ಸ್ಟಿಯರಿಂಗ್ ಚಕ್ರವೂ ಇದ್ದಿತು. ಅದರ ಗಣಿತಕ್ಕೆ ನೆರವಾದವನು ವಾಹನ ಚಲನಶಾಸ್ತ್ರದಲ್ಲಿ ಪರಿಣತನಾದ ಡಗ್ ಮಿಲ್ಲಿಕೆನ್. ಹೀಗೆ ಒಂದೆಡೆ ಪಂದ್ಯದ ಸಮಗ್ರತೆಯೂ ಮತ್ತೊಂದೆಡೆ ಕೈಯ ಸ್ಪರ್ಶವೂ ಈ ವಿದ್ಯೆಯೊಳಕ್ಕೆ ಏಕಕಾಲದಲ್ಲಿ ಪ್ರವೇಶಿಸಿದುವು.

ಪಪೈರಸ್ಸಿನ ಶ್ರೇಷ್ಠ ಕೃತಿಯೆಂದರೆ 1998ರ 'ಗ್ರ್ಯಾಂಡ್ ಪ್ರೀ ಲೆಜೆಂಡ್ಸ್'. ಸಮಕಾಲೀನವಾದ ಗಾಡಿಗಳನ್ನು ಬಿಟ್ಟು ಗ್ರ್ಯಾಂಡ್ ಪ್ರೀ ಪಂದ್ಯಗಳ 1967ರ ಋತುವನ್ನು ಅವರು ಆರಿಸಿದುದರಲ್ಲಿ ಗಾಢವಾದ ವಿವೇಕವಿದ್ದಿತು. ಜಿಮ್ ಕ್ಲಾರ್ಕ್ ಎಂಬ ಚಾಲಕನು ಲೋಟಸ್ 49 ಎಂಬ ಗಾಡಿಯನ್ನು ಅದರ ಪ್ರಥಮ ಪಂದ್ಯದಲ್ಲಿಯೇ ಗೆಲ್ಲಿಸಿದ ಆ ವರ್ಷದಲ್ಲಿ ಗಾಡಿಗಳಿಗೆ ಇನ್ನೂ ರೆಕ್ಕೆಗಳು ಬಂದಿರಲಿಲ್ಲ. ಗಾಳಿಯು ಗಾಡಿಯನ್ನು ನೆಲಕ್ಕೆ ಒತ್ತುತ್ತಿರಲಿಲ್ಲ. ಸುಮಾರು 400 ಅಶ್ವಶಕ್ತಿಯ ಎಂಜಿನ್ನನ್ನು ಹೊತ್ತ ಹಗುರವಾದ ಗಾಡಿಯು ತಿರುವಿನಲ್ಲಿ ಜಾರುತ್ತಲೇ ಸಾಗುವುದು, ಆ ಜಾರುವಿಕೆಯನ್ನು ಚಾಲಕನು ಬಲಗಾಲಿನಿಂದಲೂ ಎರಡು ಕೈಗಳಿಂದಲೂ ತೂಗಿಸಿಕೊಂಡು ಹೋಗುವುದು. ಟೈರಿನ ವರ್ತನೆಯು ನಿರಾವರಣವಾಗಿ ಕಾಣುವ ಕಾಲವದು. ಆ ಆಟವು ಗಾಡಿಯ ಚಲನೆಯನ್ನು ಸೆಕೆಂಡಿಗೆ 288 ಬಾರಿ ಲೆಕ್ಕಹಾಕುತ್ತಿತ್ತು, ತೆರೆಯ ಮೇಲಿನ ಚಿತ್ರವನ್ನು ಮಾತ್ರ 36 ಬಾರಿ ಬರೆಯುತ್ತಿತ್ತು. ಗಂಟೆಗೆ 300 ಕಿಲೋಮೀಟರು ವೇಗದಲ್ಲಿ ಗಾಡಿಯು ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ 2.3 ಮೀಟರು ಸಾಗಿಬಿಡುತ್ತದೆ. ಲೆಕ್ಕದಿಂದ ಲೆಕ್ಕಕ್ಕಾದರೋ 29 ಸೆಂಟಿಮೀಟರು ಮಾತ್ರ. ಕಣ್ಣಿಗೆ ಒರಟಾದ ಹೆಜ್ಜೆ, ಟೈರಿಗೆ ಸೂಕ್ಷ್ಮವಾದ ಹೆಜ್ಜೆ: ಆದ್ಯತೆ ಯಾವುದಕ್ಕೆ ಸಲ್ಲಬೇಕೆಂಬುದನ್ನು ಈ ಎರಡು ಅಂಕಿಗಳೇ ಹೇಳುತ್ತವೆ. ಮೊದಲ ಸುತ್ತಿನಲ್ಲಿಯೇ ತಿರುಗಿ ಬಿದ್ದ ಬಹುಮಂದಿ ಆಟಗಾರರು ಅದನ್ನು ಕಠಿಣವೆಂದು ದೂರವಿಟ್ಟರು, ಮಾರಾಟವೂ ನಿರಾಶಾದಾಯಕವಾಗಿತ್ತು. ಮುಂದೆ ಪ್ರೊಸೆಸರುಗಳ ವೇಗವು ಅಪಾರವಾಗಿ ಹೆಚ್ಚಿದಾಗ, ಆ ವೇಗವನ್ನು ನಿರೀಕ್ಷಿಸಿರದ ಹಳೆಯ ಆದೇಶಗಳು ಹೊಸ ಯಂತ್ರಗಳಲ್ಲಿ ತೊಡಕಿಗೆ ಸಿಲುಕಿದುವು. ಅಭಿಮಾನಿಗಳು ತಾವೇ ಆ ತೊಡಕುಗಳನ್ನು ಬಿಡಿಸಿ, ಹೊಸ ಪಥಗಳನ್ನು ರಚಿಸಿ, ವ್ಯಾಪಾರದಲ್ಲಿ ಸೋತ ಕೃತಿಯನ್ನು ದಶಕಗಳ ಕಾಲ ಜೀವಂತವಾಗಿ ಉಳಿಸಿಕೊಂಡರು.

ಟೈರಿನ ಗಣಿತವೇ ಈ ವಿದ್ಯೆಯ ಹೃದಯಸ್ಥಾನ. ತಿರುವಿನಲ್ಲಿ ಟೈರು ನೋಡುವ ದಿಕ್ಕಿಗೂ ಅದು ನಿಜವಾಗಿ ಸಾಗುವ ದಿಕ್ಕಿಗೂ ನಡುವೆ ಒಂದು ಕಿರುಕೋನವಿರುತ್ತದೆ. ಕೋನವು ಬೆಳೆದಂತೆ ಹಿಡಿತವೂ ಬೆಳೆದು, ಒಂದು ಶಿಖರವನ್ನು ಮುಟ್ಟಿ, ಅನಂತರ ಇಳಿಯುತ್ತದೆ. ನೆದರ್‌ಲೆಂಡಿನ ಡೆಲ್ಫ್ಟ್ ವಿಶ್ವವಿದ್ಯಾಲಯದ ಹಾನ್ಸ್ ಪಸೇಕಾ ಮತ್ತು ಆತನ ಸಹೋದ್ಯೋಗಿಗಳು 1987ರಲ್ಲಿ ಪ್ರಕಟಿಸಿದ ಸೂತ್ರವು ಈ ಏರಿಳಿತವನ್ನು ಒಂದೇ ಸಮೀಕರಣದಲ್ಲಿ ಹಿಡಿಯಿತು. 'ಮ್ಯಾಜಿಕ್ ಫಾರ್ಮುಲಾ' ಎಂದು ಅದು ಪ್ರಸಿದ್ಧವಾಗಿದೆ. ಆದರೆ ಆ ಸೂತ್ರವು ಪರೀಕ್ಷಾಯಂತ್ರದಲ್ಲಿ ಅಳೆದ ಬಿಂದುಗಳ ಮೂಲಕ ಹಾಯಿಸಿದ ರೇಖೆಯೇ ಹೊರತು ರಬ್ಬರು ಹಾಗೇಕೆ ವರ್ತಿಸುವುದೆಂಬುದಕ್ಕೆ ವಿವರಣೆಯಲ್ಲ. ಅಳತೆ ನಿಂತ ಕಡೆ ಅದರ ಪ್ರಾಮಾಣ್ಯವೂ ನಿಲ್ಲುತ್ತದೆ. ಗಾಡಿಯು ಪೂರಾ ಅಡ್ಡವಾಗಿ ಜಾರಿದಾಗ, ಅಥವಾ ರಬ್ಬರು ಅತಿಯಾಗಿ ಕಾದಾಗ, ಅನೇಕ ಸಿಮ್ಯುಲೇಟರುಗಳಲ್ಲಿ ಗಾಡಿಗಳು ಮಂಜುಗಡ್ಡೆಯ ಮೇಲೆ ಇದ್ದಂತೆ ವರ್ತಿಸಿದುದಕ್ಕೆ ಇದೂ ಒಂದು ಕಾರಣ. ಮತ್ತೊಂದು ತೊಡಕು ವಿಚಿತ್ರವಾದುದು. ಚಕ್ರದ ಜಾರುವಿಕೆಯನ್ನು ಗಣಿಸುವಾಗ ಗಾಡಿಯ ವೇಗದಿಂದ ಭಾಗಿಸಬೇಕು. ಗಾಡಿಯು ನಿಂತಾಗ ಆ ವೇಗವು ಸೊನ್ನೆ, ಸೊನ್ನೆಯಿಂದ ಭಾಗಾಕಾರವು ಅಸಾಧ್ಯ. ಆದುದರಿಂದಲೇ 300 ಕಿಲೋಮೀಟರು ವೇಗದಲ್ಲಿ ಸ್ಥಿರವಾಗಿ ಓಡುವ ಗಾಡಿಯು ಪಿಟ್ಟಿನಲ್ಲಿ ನಿಂತೊಡನೆ ನಡುಗುವುದು ಅಥವಾ ಇಳಿಜಾರಿನಲ್ಲಿ ತಾನಾಗಿ ತೆವಳುವುದು. ಇದನ್ನು ತಡೆಯಲು ಮಂದಗತಿಗೆಂದೇ ಬೇರೆ ಗಣಿತವನ್ನು ಹೆಣೆಯಬೇಕಾಯಿತು.

ಗಣಿತವು ಸರಿಯಾಗಿದ್ದರೂ ಅದನ್ನು ದೇಹಕ್ಕೆ ಮುಟ್ಟಿಸುವುದು ಬೇರೊಂದು ಸಾಹಸ. ಹಿಡಿತವು ಶಿಖರವನ್ನು ಸಮೀಪಿಸುತ್ತಿರುವಾಗ ನಿಜವಾದ ಗಾಡಿಯ ಸ್ಟಿಯರಿಂಗ್ ಚಕ್ರವು ಕೈಯಲ್ಲಿ ಹಗುರವಾಗತೊಡಗುತ್ತದೆ. ನುರಿತ ಚಾಲಕನಿಗೆ ಕಣ್ಣಿಗಿಂತ ಮೊದಲು ಎಚ್ಚರಿಕೆ ಕೊಡುವುದು ಈ ಹಗುರತನವೇ. ಮನೆಯ ಚಕ್ರದಲ್ಲಿರುವ ಮೋಟಾರು ದುರ್ಬಲವಾಗಿದ್ದರೆ ದೊಡ್ಡ ಬಲಗಳೆಲ್ಲವೂ ಅದರ ಗರಿಷ್ಠ ಮಿತಿಯಲ್ಲಿ ಕತ್ತರಿಸಿಹೋಗಿ ಒಂದೇ ಸಮನಾಗುತ್ತವೆ, ಸೂಕ್ಷ್ಮವಾದ ಆ ಎಚ್ಚರಿಕೆಯೂ ಅಲ್ಲಿಯೇ ಅಳಿಯುತ್ತದೆ. ದೇಹದ ಚಲನೆಗೆ ಬಳಸುವ ಆರು ಕಾಲುಗಳ ವೇದಿಕೆಯ ಕಥೆಯೂ ಸ್ವಾರಸ್ಯವಾಗಿದೆ. 1965ರಲ್ಲಿ ಸ್ಟೂವರ್ಟ್ ಎಂಬ ಎಂಜಿನಿಯರು ಅದನ್ನು ವಿಮಾನಾಭ್ಯಾಸಕ್ಕೆಂದು ವರ್ಣಿಸಿದ್ದನು. ಆದರೆ ಅದಕ್ಕೂ ಮುನ್ನವೇ, 1950ರ ದಶಕದಲ್ಲಿ, ಡನ್‌ಲಪ್ ಸಂಸ್ಥೆಯ ಎರಿಕ್ ಗೌ ಅಂಥದೇ ರಚನೆಯನ್ನು ಟೈರುಗಳ ಪರೀಕ್ಷೆಗಾಗಿ ಕಟ್ಟಿದ್ದನು. ಟೈರಿಗಾಗಿ ಹುಟ್ಟಿದ ಯಂತ್ರವು ವಿಮಾನಾಭ್ಯಾಸದ ಮೂಲಕ ಮರಳಿ ರೇಸಿಂಗಿಗೆ ಬಂದು ಸೇರಿತು. ಬ್ರೇಕು ಒತ್ತಿದಾಗ ಫಾರ್ಮುಲಾ ಒಂದರ ಚಾಲಕನ ಮೇಲೆ ಗುರುತ್ವದ ಐದು ಪಟ್ಟು ಬಲವು ಬೀಳುವುದುಂಟು. ಕೋಣೆಯೊಳಗಿನ ಯಾವ ವೇದಿಕೆಯೂ ಅದನ್ನು ಧಾರಣೆಮಾಡಲಾರದು. ಅದು ಮೊದಲ ತಳ್ಳನ್ನು ಮಾತ್ರ ಕೊಟ್ಟು, ಆಮೇಲೆ ಚಾಲಕನಿಗೆ ಅರಿವಾಗದಷ್ಟು ಮೆಲ್ಲಗೆ ಸ್ವಸ್ಥಾನಕ್ಕೆ ಮರಳುತ್ತದೆ. ಆಸನವನ್ನು ಓರೆಮಾಡಿ ಭೂಮಿಯ ಆಕರ್ಷಣೆಯನ್ನೇ ವೇಗವರ್ಧನವೆಂದು ನಂಬಿಸುತ್ತದೆ. ಕಣ್ಣಿನ ಸಾಕ್ಷ್ಯವೂ ಒಳಗಿವಿಯ ಸಾಕ್ಷ್ಯವೂ ಕೂಡದೆ ಹೋದಾಗ ಚಾಲಕನಿಗೆ ತಲೆಸುತ್ತು, ವಾಕರಿಕೆಗಳು ಬರುವುದು ಸಹಜ.

ಪಪೈರಸ್ಸಿನ ಕೇಮರ್‌ನು ಮುಂದೆ ಜಾನ್ ಹೆನ್ರಿ ಎಂಬವನೊಡನೆ ಕೂಡಿ ಕಟ್ಟಿದ 'ಐರೇಸಿಂಗ್' ಎಂಬ ಸಿಮ್ಯುಲೇಟರು 2008ರಲ್ಲಿ ಆರಂಭವಾಯಿತು. ಹಿಂದೆ ಛಾಯಾಚಿತ್ರ, ನಕ್ಷೆಗಳ ನೆರವಿನಿಂದ ರಚಿತವಾಗುತ್ತಿದ್ದ ಪಥಗಳನ್ನು ಇಲ್ಲಿ ಲೇಸರ್ ಕಿರಣಗಳಿಂದ ಅಳೆದು, ರಸ್ತೆಯ ಸಣ್ಣಪುಟ್ಟ ಉಬ್ಬುತಗ್ಗುಗಳನ್ನೂ ದಾಖಲಿಸಿದರು. ಆದರೆ ದೂರದೂರದ ಚಾಲಕರನ್ನು ಒಂದೇ ಪಥದಲ್ಲಿ ಓಡಿಸತೊಡಗಿದಾಗ ಕಾಲದ ಪ್ರಶ್ನೆಯು ಮತ್ತೊಮ್ಮೆ ತಲೆಯೆತ್ತಿತು. ಸಂದೇಶವು ತಂತಿಯಲ್ಲಿ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗ ತಡವಾದರೆ, 300 ಕಿಲೋಮೀಟರು ವೇಗದ ಗಾಡಿಯು ಅಷ್ಟರಲ್ಲಿ 8 ಮೀಟರಿಗೂ ಮಿಕ್ಕು ಮುಂದೆ ಹೋಗಿರುತ್ತದೆ. ಗಾಡಿಯ ಉದ್ದವಾದರೋ ಅದಕ್ಕಿಂತ ಕಡಮೆ. ಹಾಗಾಗಿ ಪ್ರತಿಯೊಬ್ಬನ ಕಂಪ್ಯೂಟರೂ ಎದುರಾಳಿಯು ಈಗ ಎಲ್ಲಿರಬಹುದೆಂದು ಊಹಿಸಿ ಚಿತ್ರಿಸುತ್ತದೆ. ಊಹೆ ತಪ್ಪಿದಲ್ಲಿ ಒಬ್ಬನ ತೆರೆಯ ಮೇಲೆ ಡಿಕ್ಕಿಯಾದುದು ಇನ್ನೊಬ್ಬನ ತೆರೆಯ ಮೇಲೆ ಆಗಿಯೇ ಇರುವುದಿಲ್ಲ. ಸಂಪರ್ಕವೇ ಕಡಿದುಹೋಗುವುದೂ ಉಂಟು. 2023ರ ಜನವರಿಯಲ್ಲಿ ನಡೆದ 24 ಗಂಟೆಗಳ ಲೆ ಮಾನ್ಸ್ ವರ್ಚುವಲ್ ಪಂದ್ಯದಲ್ಲಿ, ವಿಶ್ವವಿಜೇತನಾದ ಮ್ಯಾಕ್ಸ್ ವರ್‌ಸ್ಟಾಪೆನ್ ಮುನ್ನಡೆಯಲ್ಲಿದ್ದಾಗಲೇ ಸಂಪರ್ಕವು ಕಡಿದು, ಆತನು ಪಂದ್ಯವನ್ನೇ ತ್ಯಜಿಸಿದನು.

ಇಷ್ಟೆಲ್ಲ ನ್ಯೂನತೆಗಳಿದ್ದರೂ ಈ ವಿದ್ಯೆಯು ವಿನೋದದ ಮಟ್ಟವನ್ನು ಮೀರಿ ಬೆಳೆದಿರುವುದು ನಿರ್ವಿವಾದ. 2009ರಲ್ಲಿ ಫಾರ್ಮುಲಾ ಒಂದರಲ್ಲಿ ಋತುವಿನ ನಡುವಣ ಅಭ್ಯಾಸವನ್ನು ನಿಷೇಧಿಸಿದ ಮೇಲೆ ತಂಡಗಳಿಗೆ ಸಿಮ್ಯುಲೇಟರು ಅನಿವಾರ್ಯ ಸಾಧನವಾಯಿತು. ಅಮೆರಿಕದ ವಿಲಿಯಂ ಬೈರನ್ ಬಾಲ್ಯದಲ್ಲಿ ಐರೇಸಿಂಗ್‌ನಲ್ಲಿ ಪಳಗಿ, ಬಳಿಕ ನಿಜವಾದ ಗಾಡಿಯನ್ನು ಹತ್ತಿ, 2024 ಮತ್ತು 2025ರ ಡೇಟೋನಾ 500 ಪಂದ್ಯಗಳನ್ನು ಗೆದ್ದನು. ಆದರೆ ಈ ಸಾಫಲ್ಯವನ್ನು ತಂದುದು ಥಳಥಳಿಸುವ ದೃಶ್ಯವೈಭವವಲ್ಲ; ಟೈರಿನ ಒಂದೊಂದು ಜಾರಿಕೆಯನ್ನೂ ಕಾಲದ ಒಂದೊಂದು ಅಂಶವನ್ನೂ ಲೆಕ್ಕಕ್ಕೆ ತಂದುಕೊಂಡವರ ಶ್ರದ್ಧೆ, ಮತ್ತು ಯಂತ್ರಕ್ಕೆ ಆಗದುದನ್ನು ಆಗದೆಂದು ಹೇಳಿದವರ ಪ್ರಾಮಾಣಿಕತೆ. ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಇಂಥ ಯಂತ್ರಗಳನ್ನು ರಚಿಸಲು ಮನಸ್ಸುಳ್ಳವರು ಮೊದಲು ಚಲನಶಾಸ್ತ್ರವನ್ನು ಅಭ್ಯಾಸಮಾಡಲಿ, ಚಿತ್ರದ ಅಲಂಕಾರಕ್ಕೆ ಆಮೇಲೆ ಕೈಹಾಕಲಿ; ಕೊಳ್ಳುವವರೂ ಗಾಡಿಯ ಹೊಳಪನ್ನು ನೋಡುವ ಮುನ್ನ ಅದು ತಿರುವಿನಲ್ಲಿ ಹೇಗೆ ಹಿಡಿತ ತಪ್ಪುವುದೆಂಬುದನ್ನು ಪರೀಕ್ಷಿಸಲಿ. ಒಳ್ಳೆಯ ಸಿಮ್ಯುಲೇಟರಿಗೆ ಇದಕ್ಕಿಂತ ನಂಬಲರ್ಹವಾದ ಒರೆಗಲ್ಲು ಮತ್ತೊಂದಿಲ್ಲ.