ಬಿಳಿಯರು ‘ಪಾರಿವಾಳ’ ಎಂದು ಕರೆದ ಬಂಡಾಯಗಾರ

ಆಸ್ಟ್ರೇಲಿಯಾದ ವಾಯವ್ಯ ಮೂಲೆಯಲ್ಲಿ ಕಿಂಬರ್ಲಿ ಎಂಬ ಸೀಮೆ ಇದೆ. ಅಲ್ಲಿನ ಡರ್ಬಿ ಪಟ್ಟಣದಿಂದ ಸುಮಾರು 145 ಕಿ.ಮೀ. ಹೋದರೆ ವಿಂಜಾನ ಕಮರಿ ಸಿಗುತ್ತದೆ. ಈಗ ಅದು ರಾಷ್ಟ್ರೀಯ ಉದ್ಯಾನ. ಲೆನಾರ್ಡ್ ನದಿ ಸುಣ್ಣಕಲ್ಲಿನ ಬೆಟ್ಟವನ್ನು ಕೊರೆದು ಮಾಡಿದ ಕಮರಿ ಇದು. ಉದ್ದ ಮೂರು ಕಿ.ಮೀ.ಗೂ ಹೆಚ್ಚು. ಮಳೆಗಾಲದಲ್ಲಿ ದಾರಿ ಬಂದ್. ಉಳಿದ ತಿಂಗಳಲ್ಲಿ ಪ್ರವಾಸಿಗರು ಬಂದು ಮರಳ ಮೇಲೆ ಮಲಗಿದ ಮೊಸಳೆಗಳ ಫೋಟೊ ತೆಗೆಯುತ್ತಾರೆ. ನಾವು ಹೇಳಹೊರಟಿದ್ದು ಮೊಸಳೆ ಕಥೆಯಲ್ಲ.

ಇದು ಬುನುಬಾ ಎಂಬ ಮೂಲನಿವಾಸಿಗಳ ನೆಲ. 1880ರ ದಶಕದಲ್ಲಿ ಬಿಳಿಯರು ಕುರಿ, ದನಗಳ ಹಿಂಡು ಹೊಡೆದುಕೊಂಡು ಬಂದರು. ನೀರಿನ ಮಡುಗಳು ಅವರ ಪಾಲಾದವು. ಬುನುಬಾ ಜನ ಆ ದನಕುರಿಗಳನ್ನೇ ಈಟಿಯಿಂದ ಬೇಟೆಯಾಡಿದರು. ಸಿಕ್ಕಿಬಿದ್ದವರ ಕೊರಳಿಗೆ ಪೊಲೀಸರು ಸರಪಳಿ ಬಿಗಿದು, ಸಾಲಾಗಿ ಡರ್ಬಿಯವರೆಗೆ ನಡೆಸುತ್ತಿದ್ದರು.

ಜಂಡಮರ್ರ ಬುನುಬಾ ಹುಡುಗ. ಬಿಳಿಯರ ಕುರಿದೊಡ್ಡಿಯಲ್ಲಿ ದುಡಿಯುತ್ತ ಕುದುರೆ ಸವಾರಿ, ಬಂದೂಕು ಕಲಿತ. ಬಿಳಿಯರು ಅವನನ್ನು ‘ಪಿಜನ್’ ಅಂದರು, ಅಂದರೆ ಪಾರಿವಾಳ. ಮುಂದೆ ಪೊಲೀಸರಿಗೆ ಹೆಜ್ಜೆಗುರುತು ಹಿಡಿದು ಕೊಡುವ ಆಳಾದ. ಹಿಡಿದುಕೊಟ್ಟದ್ದು ತನ್ನವರನ್ನೇ.

1894ರ ಅಕ್ಟೋಬರ್ ಕೊನೆ. ಲಿಲ್ಲಿಮುಲುರ ಠಾಣೆಯಲ್ಲಿ ಸರಪಳಿಯಲ್ಲಿದ್ದವರು ಅವನ ಬಳಗದವರು, ಹಿರಿಯರು. ಕಾಯುತ್ತಿದ್ದವನು ಅವನೇ. ಆ ಹಿರಿಯರ ಮಾತು ನಾಟಿತು. ಕಾನ್‌ಸ್ಟೆಬಲ್ ರಿಚರ್ಡ್‌ಸನ್‌ನನ್ನು ಗುಂಡಿಟ್ಟು ಕೊಂದು, ಎಲ್ಲರನ್ನೂ ಬಿಡಿಸಿ, ಬಂದೂಕುಗಳ ಸಮೇತ ಬೆಟ್ಟ ಸೇರಿದ. ಸತ್ತವನು ಅವನ ಜೊತೆ ಓಡಾಡಿದ್ದ ಸ್ನೇಹಿತ ಎಂಬುದನ್ನು ನಾವು ಮುಚ್ಚಿಡಬೇಕಿಲ್ಲ. ಅಷ್ಟು ಕಷ್ಟದ ರಾತ್ರಿ ಅದು.

ಕೆಲವೇ ದಿನಗಳಲ್ಲಿ, ದನ ಹೊಡೆದುಕೊಂಡು ಕಮರಿಯೊಳಗೆ ಬಂದ ಇಬ್ಬರು ಬಿಳಿಯರು ಸತ್ತರು. ನವೆಂಬರ್ 16ರಂದು ಪೊಲೀಸ್ ದಂಡು ಬಂತು. ಬಂಡೆಗಳ ಮರೆಯಿಂದ ಬುನುಬಾ ಜನ ಗುಂಡಿಗೆ ಗುಂಡು ಕೊಟ್ಟರು. ಗಾಯಗೊಂಡ ಜಂಡಮರ್ರ ತಪ್ಪಿಸಿಕೊಂಡ. ಆಮೇಲೆ ಪೊಲೀಸರು ಸುತ್ತಲ ಸೀಮೆಯಲ್ಲಿ ಕೊಂದವರಲ್ಲಿ ಬಂಡಾಯಕ್ಕೆ ಸಂಬಂಧವೇ ಇಲ್ಲದವರೂ ಇದ್ದರು.

ಎರಡು ವರ್ಷಕ್ಕೂ ಹೆಚ್ಚು ಕಾಲ ಅವನು ಸಿಗಲಿಲ್ಲ. ಟನಲ್ ಕ್ರೀಕ್ ಎಂಬ ಗುಹೆ ಅವನ ಅಡಗುತಾಣ. ಅದು ಬೆಟ್ಟದ ಈ ಮಗ್ಗುಲಿಂದ ಆ ಮಗ್ಗುಲಿಗೆ ಸುಮಾರು 750 ಮೀಟರ್ ತೂರಿಹೋಗುತ್ತದೆ. ಒಂದು ಬಾಯಲ್ಲಿ ಕಾದರೆ ಇನ್ನೊಂದು ಬಾಯಿ ಇತ್ತಲ್ಲ! ಅವನಿಗೆ ಮಾಂತ್ರಿಕ ಶಕ್ತಿ ಇದೆ ಎಂದು ಅವನ ಜನ ನಂಬಿದ್ದರು.

ಕೊನೆಗೆ ಸರ್ಕಾರ ಹೊರಗಿನಿಂದ ಇನ್ನೊಬ್ಬ ಮೂಲನಿವಾಸಿಯನ್ನು ಕರೆಸಿತು. ಮಿಂಗೊ ಮಿಕ್ ಎಂಬ ಅವನೂ ಹೆಜ್ಜೆಗುರುತು ಹಿಡಿಯುವವನೇ. 1897ರ ಏಪ್ರಿಲ್ 1ರಂದು ಆ ಗುಹೆಯ ಬಳಿ ಜಂಡಮರ್ರನನ್ನು ಕೊಂದದ್ದು ಅವನ ಗುಂಡು. ಬಿಳಿಯರು ಹೆಣದ ತಲೆ ಕತ್ತರಿಸಿ ಇಂಗ್ಲೆಂಡಿಗೆ ಸಾಗಿಸಿದರು.

ಈ ನೆಲದ ಮೇಲೆ ಬುನುಬಾ ಜನರಿಗೆ ಹಕ್ಕಿದೆ ಎಂದು ನ್ಯಾಯಾಲಯ ಒಪ್ಪಿದ್ದು 2012ರಲ್ಲಿ. ಕಮರಿಯ ಹತ್ತಿರದಲ್ಲೇ ಲಿಲ್ಲಿಮುಲುರ ಠಾಣೆಯ ಕಲ್ಲಿನ ಗೋಡೆಗಳು ಪಾಳುಬಿದ್ದು ನಿಂತಿವೆ.