ಘಟ್ಟಕ್ಕೆ ಹೋಗುವ ದಾರಿಯ ಊರುಗಳು

ಮೈಸೂರಿನಿಂದ ನಂಜನಗೂಡು, ಬೇಗೂರು ಹಾದು ಬಂದ ಹೆದ್ದಾರಿ ಗುಂಡ್ಲುಪೇಟೆ ದಾಟುತ್ತಿದ್ದಂತೆ ಕವಲೊಡೆಯುತ್ತದೆ. ಒಂದು ಕವಲು ಮದ್ದೂರು, ಮೂಲೆಹೊಳೆಯ ಮೇಲೆ ಕೇರಳದ ಸುಲ್ತಾನ್ ಬತ್ತೇರಿಗೆ ಹೊರಳುತ್ತದೆ. ಇನ್ನೊಂದು ಹಂಗಳ, ಮೇಲುಕಾಮನಹಳ್ಳಿ, ಬಂಡೀಪುರ ಕಳೆದು ಕೆಕ್ಕನಹಳ್ಳದಲ್ಲಿ ತಮಿಳುನಾಡಿನ ಗಡಿ ಮುಟ್ಟಿ, ತೆಪ್ಪಕಾಡಿನ ಮೇಲೆ ಊಟಿಗೆ ಏರುತ್ತದೆ. ಮೂಡಲಿಗೆ ಹೊರಟ ಮತ್ತೊಂದು ದಾರಿ ತೆರಕಣಾಂಬಿಯ ಮೂಲಕ ಚಾಮರಾಜನಗರಕ್ಕೆ. ರಜೆಯ ದಿನ ಬೆಳಗಾದರೆ ಇಲ್ಲಿ ಕಾರುಗಳ ಸಾಲು. ಬಂದವರಲ್ಲಿ ಹೆಚ್ಚಿನವರಿಗೆ ಬಂಡೀಪುರವೆಂದರೆ ಸಫಾರಿ, ಸಫಾರಿಯೆಂದರೆ ಹುಲಿ. ಹುಲಿ ಕಂಡರೆ ಊರು ಕಂಡ ಹಾಗೆ, ಕಾಣದಿದ್ದರೆ ಬಂದದ್ದೇ ದಂಡ ಎಂದು ಗೊಣಗುತ್ತಾ ಹೊರಡುತ್ತಾರೆ. ಇಷ್ಟು ತುಂಬಿದ ಸೀಮೆಯನ್ನು ಒಂದು ಪ್ರಾಣಿಯ ಲೆಕ್ಕಕ್ಕೆ ಇಳಿಸಿಬಿಟ್ಟದ್ದು ನನಗೆ ಸಂಕಟದ ಸಂಗತಿ. ಮೈಸೂರು ಬಯಲಿಗೂ ನೀಲಗಿರಿ, ವಯನಾಡುಗಳಿಗೂ ನಡುವಿನ ಈ ನೆಲದಲ್ಲಿ ಒಂಬೈನೂರು ವರ್ಷಗಳಿಂದ ದಂಡು ನಡೆದಿದೆ, ಸರಕು ಸಾಗಿದೆ, ಗುಡಿ ಎದ್ದಿದೆ, ಕವಿತೆ ಹುಟ್ಟಿದೆ.

ಅದರ ಗಟ್ಟಿಯಾದ ಹಳೆಯ ಸಾಕ್ಷಿ ಚಾಮರಾಜನಗರದ ಪೇಟೆಯೊಳಗೇ ಇದೆ. ಊರಿಗೆ ಆಗ ಅರಿಕುಠಾರ ಎಂದು ಹೆಸರು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯ 1117ರಲ್ಲಿ ಇಲ್ಲಿ ಪಾರ್ಶ್ವನಾಥ ಬಸದಿ ಕಟ್ಟಿಸಿದ. ಅಲ್ಲಿನ ಶಾಸನ ಅವನ ದಂಡಯಾತ್ರೆಗಳನ್ನು ಹೊಗಳುತ್ತಾ ತೊದವರನ್ನು ಬೆದರಿಸಿದ, ಕೊಂಗರನ್ನು ಓಡಿಸಿದ, ನೀಲಾದ್ರಿಯ ಶಿಖರವನ್ನು ಗೆದ್ದ ಎನ್ನುತ್ತದೆ. ನೀಲಗಿರಿಯ ತೋಡ ಜನರ ಹೆಸರು ಚರಿತ್ರೆಯಲ್ಲಿ ಮೊದಲು ಕಾಣಿಸುವುದು ಈ ಕನ್ನಡ ಕಲ್ಲಿನಲ್ಲೇ. ಊಟಿಗೆ ಹೋಗುವವರು ತೋಡರ ಗುಡಿಸಲಿನ ಮುಂದೆ ಚಿತ್ರ ತೆಗೆಸಿಕೊಂಡು ಬರುತ್ತಾರೆ, ಅವರ ಮೊದಲ ಲಿಖಿತ ನೆನಪು ಬಂದ ದಾರಿಯ ಮಗ್ಗುಲಲ್ಲೇ ಇದೆ ಎಂಬುದು ಅವರಿಗೆ ತಿಳಿದಿರುವುದಿಲ್ಲ. ಅದೇ ಶಾಸನದ ಇನ್ನೊಂದು ಮಾತು ನನಗೆ ಗೆಲುವಿನ ಪಟ್ಟಿಗಿಂತ ದೊಡ್ಡದಾಗಿ ಕಾಣುತ್ತದೆ: ಬಂಡವಾಳ ಕಳೆದುಕೊಂಡ ವ್ಯಾಪಾರಿಗೂ, ಬಿತ್ತಲು ಬೀಜವಿಲ್ಲದ ಒಕ್ಕಲಿಗನಿಗೂ ಪುಣಿಸ ಅವರವರಿಗೆ ಬೇಕಾದ್ದನ್ನು ಕೊಟ್ಟು ನಿಲ್ಲಿಸಿದನಂತೆ. ಮಳೆಯನ್ನು ನೆಚ್ಚಿ ಬದುಕುವ ಈ ಸೀಮೆಯಲ್ಲಿ ಬಿತ್ತನೆ ಬೀಜದ ನೆರವು ಎಂಥದೆಂದು ಈಗಿನ ರೈತರಿಗೂ ಬಿಡಿಸಿ ಹೇಳಬೇಕಿಲ್ಲ.

ಅರಿಕುಠಾರ ಚಾಮರಾಜನಗರವಾದದ್ದು ಬಹಳ ಈಚೆಗೆ. ಚಾಮರಾಜ ಒಡೆಯರು 1774ರಲ್ಲಿ ಇಲ್ಲಿ ಹುಟ್ಟಿದರು. ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಊರಿಗೆ ತಂದೆಯ ಹೆಸರಿಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಸ್ಥಾನ ಕಟ್ಟಿಸಿದರು. ಪೇಟೆಯಿಂದ ಆಚೆ ನರಸಮಂಗಲದಲ್ಲಿ ಗಂಗರ ಕಾಲದ ರಾಮೇಶ್ವರ ಗುಡಿಯಿದೆ. ಅದರ ಶಿಖರ ಇಟ್ಟಿಗೆ, ಗಾರೆಯದು, ಮೇಲೆ ಗಾರೆಯಲ್ಲೇ ಮಾಡಿದ ಮೂರ್ತಿಗಳು. ಕಲ್ಲಿನ ಗುಡಿಗಳಿಗೆ ಒಗ್ಗಿದ ನಮ್ಮ ಕಣ್ಣಿಗೆ ಅದು ಹೊಸದೇ ಆಗಿ ಕಾಣುತ್ತದೆ. ಸಾವಿರ ವರ್ಷದ ಮೇಲೂ ಗಾರೆ ನಿಂತಿದೆ ಎಂಬುದೇ ಸೋಜಿಗ. ಅರ್ಧ ದಿನ ಉಳಿದರೂ ಅಲ್ಲಿಗೆ ಹೋಗಿ ಬರಬೇಕು.

ಹೊಯ್ಸಳರ ಕೊನೆಗಾಲಕ್ಕೆ ಬಂದರೆ ಇಲ್ಲಿನ ರಾಜಧಾನಿ ತೆರಕಣಾಂಬಿ. ಈಗ ಹೋಬಳಿ ಕೇಂದ್ರವಾಗಿರುವ ಈ ಊರಿನಿಂದ ಪೆರುಮಾಳೆ ದಣ್ಣಾಯಕ, ಆಮೇಲೆ ಅವನ ಮಗ ಮಾಧವ ದಣ್ಣಾಯಕ ಘಟ್ಟದ ಅಂಚಿನ ನಾಡನ್ನು ಆಳಿದರು. ನೀಲಗಿರಿಯನ್ನು ಹತೋಟಿಯಲ್ಲಿಟ್ಟವರೆಂಬ ಬಿರುದು ಈ ಮನೆತನಕ್ಕಿತ್ತು. ನೀಲಗಿರಿಯಿಂದ ಇಳಿದು ಬಂಡೀಪುರ, ಮುದುಮಲೈ ಕಾಡುಗಳ ನಡುವೆ ಆಳವಾದ ಕೊರಕಲು ಕೊರೆದು ಹರಿಯುವ ಮೋಯಾರ್ ಹೊಳೆ ಮುಂದೆ ಭವಾನಿಯನ್ನು ಸೇರುವೆಡೆಯಲ್ಲಿ ಅವರದೇ ಹೆಸರಿನ ಕೋಟೆಯಿತ್ತು, ದಣ್ಣಾಯಕನಕೋಟೆ. ಭವಾನಿಸಾಗರ ಜಲಾಶಯ ಕಟ್ಟಿದಾಗ ಅದು ನೀರಿನಡಿ ಸೇರಿತು. ತೆರಕಣಾಂಬಿ ಮುಂದೆ ರಾಜ ಒಡೆಯರ ಕಾಲದಲ್ಲಿ, 17ನೇ ಶತಮಾನದ ಆರಂಭದ ವರ್ಷಗಳಲ್ಲಿ, ಮೈಸೂರಿಗೆ ಸೇರಿತು. ಊರಲ್ಲಿ ಲಕ್ಷ್ಮೀವರದರಾಜಸ್ವಾಮಿ ಗುಡಿ, ಹತ್ತಿರದಲ್ಲೇ ತ್ರಿಯಂಬಕಪುರದ ಈಶ್ವರನ ಗುಡಿ, ಹುಲುಗನ ಮುರಡಿಯ ಮೇಲೆ ವೆಂಕಟರಮಣ. ಒಂದು ಕಾಲದ ರಾಜಧಾನಿಯ ಗಾತ್ರ ಅಳೆಯಲು ಇಷ್ಟು ಸಾಕು. ಗುಂಡ್ಲುಪೇಟೆ ತಾಲ್ಲೂಕಿನ ಶಾಸನಗಳನ್ನು ಬಿ.ಎಲ್. ರೈಸ್ 1898ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ನಾಲ್ಕನೆಯ ಸಂಪುಟದಲ್ಲಿ ಓದಬಹುದು.

ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವಸ್ಥಾನವೂ ಅದೇ ಕಾಲದ್ದು. ಹೊಯ್ಸಳ ಬಲ್ಲಾಳನ ಆಳ್ವಿಕೆಯಲ್ಲಿ, 1315ರಲ್ಲಿ ಕಟ್ಟಿದ್ದೆಂದು ಹೇಳುತ್ತಾರೆ. ಬೆಟ್ಟದ ಎತ್ತರ 1,454 ಮೀಟರ್. ಹಂಗಳದಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಿದರೆ ಗೋಪಾಲಪುರದ ಹೊಲಗಳ ಆಚೆ ಅದು ಇದ್ದಕ್ಕಿದ್ದಂತೆ ಎದ್ದು ನಿಂತಿರುತ್ತದೆ. ಸ್ವಂತ ವಾಹನಗಳನ್ನು ತಪ್ಪಲಲ್ಲೇ ನಿಲ್ಲಿಸಿ ಸರ್ಕಾರಿ ಬಸ್ಸು ಹತ್ತಬೇಕು. ಈ ನಿಯಮ ಬಂದ ಮೇಲೆ ಬೆಟ್ಟಕ್ಕೆ ಉಸಿರು ಬಂದಿದೆ, ಅದನ್ನು ತಂದವರಿಗೆ ನಾನು ಋಣಿ. ಗರ್ಭಗುಡಿಯಲ್ಲಿ ಮರದಡಿ ಕೊಳಲೂದುವ ಕೃಷ್ಣ, ಸುತ್ತ ಹಸುಗಳು, ಗೋಪಾಲಕರು. ದೇವರ ತಲೆಯ ಮೇಲೆ ಸದಾ ಹಿಮ ತೊಟ್ಟಿಕ್ಕುತ್ತದೆಂದು ಭಕ್ತರ ನಂಬಿಕೆ. ಅಗಸ್ತ್ಯರು ಇಲ್ಲಿ ತಪಸ್ಸು ಮಾಡಿದರೆಂಬ ಕಥೆಯಿದೆ. ಹಂಸತೀರ್ಥದಲ್ಲಿ ಮಿಂದ ಕಾಗೆ ಹಂಸವಾಯಿತು, ಅಂದಿನಿಂದ ಬೆಟ್ಟಕ್ಕೆ ಕಾಗೆ ಬರುವುದಿಲ್ಲ ಎಂಬ ಕಥೆ ಅದಕ್ಕಿಂತ ಚೆನ್ನ. ಬೆಳಿಗ್ಗೆ ಮಂಜು ಸರಿದಾಗ ದೇವಸ್ಥಾನದ ಹಿಂದಿನ ಹುಲ್ಲುಗಾವಲು, ಅದರ ಮಡಿಲುಗಳಲ್ಲಿ ಗುಂಪುಗಟ್ಟಿದ ಶೋಲಾ ಕಾಡು ಕಾಣುತ್ತವೆ. ಅದೃಷ್ಟವಿದ್ದರೆ ದೂರದ ಇಳಿಜಾರಿನಲ್ಲಿ ಆನೆ ಹಿಂಡೂ ಇರುತ್ತದೆ. ಗುಂಡ್ಲು ಹೊಳೆ ಹುಟ್ಟುವುದು ಈ ಬೆಟ್ಟಸಾಲಿನಲ್ಲೇ. ಅದು ಬಡಗಣಕ್ಕೆ ಹರಿದು ಗುಂಡ್ಲುಪೇಟೆ ದಾಟಿ ನಂಜನಗೂಡಿನ ಬಳಿ ಕಪಿಲೆಯನ್ನು ಸೇರುತ್ತದೆ.

ಆ ಹೊಳೆಯ ದಂಡೆಯಲ್ಲೇ ಗುಂಡ್ಲುಪೇಟೆಯ ದೊಡ್ಡ ಕಥೆ ನಡೆದದ್ದು. ಊರಿನ ಹಳೆಯ ಹೆಸರು ವಿಜಯಪುರ, ಆ ನೆನಪು ವಿಜಯನಾರಾಯಣಸ್ವಾಮಿ ಗುಡಿಯಲ್ಲಿ ಉಳಿದಿದೆ. ಮುಂದೆ ಮೈಸೂರಿನ ದೊರೆಯಾಗಲಿದ್ದ ಚಿಕ್ಕದೇವರಾಜ ಒಡೆಯರನ್ನು ಚಿಕ್ಕಪ್ಪನ ಆಳ್ವಿಕೆಯಲ್ಲಿ ಹಂಗಳದಲ್ಲಿ ಸಂಸಾರ ಸಮೇತ ಇರಿಸಿದ್ದರು. ಕಣ್ಗಾವಲಿನ ವಾಸ ಅದು. ತಂದೆ ದೊಡ್ಡದೇವರಾಜಯ್ಯನವರು ಗುಂಡ್ಲುಪೇಟೆಯಲ್ಲೇ ತೀರಿಕೊಂಡರು. 1673ರಲ್ಲಿ ಪಟ್ಟಕ್ಕೆ ಬಂದ ಮಗ, ತಂದೆಯ ಸಂಸ್ಕಾರ ನಡೆದ ಹೊಳೆಯ ದಡದಲ್ಲಿ ಪರವಾಸುದೇವ ದೇವಸ್ಥಾನ ಕಟ್ಟಿಸಿ ಅಗ್ರಹಾರ ಬಿಟ್ಟ. ಅವನ ಆಸ್ಥಾನದಲ್ಲಿ ಮಂತ್ರಿಯಾಗಿ, ಕವಿಯಾಗಿ ಹೆಸರು ಮಾಡಿದ ಚಿಕುಪಾಧ್ಯಾಯ ತೆರಕಣಾಂಬಿಯವನು. ಗೋಪಾಲಸ್ವಾಮಿ ಬೆಟ್ಟದ ಮಹಿಮೆಯನ್ನು ಅವನು ‘ಕಮಲಾಚಲ ಮಾಹಾತ್ಮ್ಯ’ ಎಂಬ ಕೃತಿಯಾಗಿ ಬರೆದ. ಒಬ್ಬ ಅರಸನ ಸಂಕಟದ ದಿನಗಳು ಕಳೆದ ಊರು, ಅವನ ಕವಿಯ ಹುಟ್ಟೂರು, ಆ ಕವಿ ಹಾಡಿದ ಬೆಟ್ಟ, ಮೂರೂ ಒಂದೇ ಬೆಳಗಿನ ತಿರುಗಾಟಕ್ಕೆ ಸಿಗುವಷ್ಟು ಹತ್ತಿರದಲ್ಲಿವೆ. ಕರ್ನಾಟಕದಲ್ಲಿ ಇಂಥ ಜಾಗಗಳು ಹೆಚ್ಚಿಲ್ಲ. ಆದರೆ ಇದನ್ನು ಹೇಳುವ ಒಂದು ಒಳ್ಳೆಯ ಫಲಕ ಹೆದ್ದಾರಿಯ ಬದಿಯಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ.

ಕಾಡಿಗೆ ಮೊದಲು ಹೆಸರು ಸಿಕ್ಕಿದ್ದೂ ಆ ಬೆಟ್ಟದ ದೇವರಿಂದಲೇ. 1931ರಲ್ಲಿ ಮೈಸೂರು ಸಂಸ್ಥಾನ ಬಂಡೀಪುರದ ಸುತ್ತ 90 ಚದರ ಕಿಲೋಮೀಟರ್ ಕಾಡನ್ನು ಅಭಯಾರಣ್ಯ ಮಾಡಿತು. ಹತ್ತು ವರ್ಷದ ಮೇಲೆ ಅದು ಸುಮಾರು 800 ಚದರ ಕಿಲೋಮೀಟರಿಗೆ ಬೆಳೆದು ವೇಣುಗೋಪಾಲ ವನ್ಯಜೀವಿ ಉದ್ಯಾನವಾಯಿತು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಆಯ್ದ ಒಂಬತ್ತು ಕಾಡುಗಳಲ್ಲಿ ದಕ್ಷಿಣ ಭಾರತದ್ದು ಇದೊಂದೇ. ಆಗ ಇಲ್ಲಿದ್ದ ಹುಲಿಗಳು ಹನ್ನೆರಡು ಎಂಬುದು ಹಳೆಯ ಲೆಕ್ಕ. 2022ರ ಗಣತಿಯಲ್ಲಿ 150 ಎಂದು ಅಂದಾಜಾಯಿತು, ದೇಶದಲ್ಲಿ ಕಾರ್ಬೆಟ್ ಬಿಟ್ಟರೆ ಇದೇ ಹೆಚ್ಚು.

ಹುಲಿಯ ಸುದ್ದಿಯಲ್ಲಿ ಇಲ್ಲಿನ ಕೆನ್ನಾಯಿಯನ್ನು ಮರೆಯುವುದು ಅನ್ಯಾಯ. ಎ.ಜೆ.ಟಿ. ಜಾನ್‌ಸಿಂಗ್ 1976ರಿಂದ 78ರವರೆಗೆ ಬಂಡೀಪುರದಲ್ಲಿ ಕೆನ್ನಾಯಿಗಳ ಹಿಂದೆ ಅಲೆದು ಮಾಡಿದ ಅಧ್ಯಯನ, ಕಾಡಿನಲ್ಲಿ ಸ್ವತಂತ್ರವಾಗಿರುವ ದೊಡ್ಡ ಪ್ರಾಣಿಯೊಂದರ ಬಗ್ಗೆ ಭಾರತೀಯ ವಿಜ್ಞಾನಿಯೊಬ್ಬರು ನಡೆಸಿದ ಮೊದಲ ಕೆಲಸಗಳಲ್ಲೊಂದು. ಆಮೇಲೆ ಕೃಪಾಕರ ಮತ್ತು ಸೇನಾನಿ ಈ ಕಾಡುಗಳಲ್ಲಿ ವರ್ಷಗಟ್ಟಲೆ ಕಾದು ಅದೇ ಪ್ರಾಣಿಯ ಸಂಸಾರವನ್ನು ಚಿತ್ರೀಕರಿಸಿ ಜಗತ್ತಿಗೆ ತೋರಿಸಿದರು. 1997ರಲ್ಲಿ ವೀರಪ್ಪನ್ ಅಪಹರಿಸಿ ಹದಿನಾಲ್ಕು ದಿನ ಒತ್ತೆ ಇಟ್ಟುಕೊಂಡದ್ದೂ ಇವರಿಬ್ಬರನ್ನೇ. ಜೀಪಿನಲ್ಲಿ ಕುಳಿತವರು ಕೆನ್ನಾಯಿ ಹಿಂಡು ದಾರಿಗೆ ಬಂದರೂ “ಹುಲಿ ಎಲ್ಲಿ?” ಎನ್ನುವಾಗ ಈ ಮೂವರ ತಾಳ್ಮೆ ನೆನಪಾಗುತ್ತದೆ.

ಪಡುವಲ ಕಾಡಿಗೆ ಮಳೆ ಹೆಚ್ಚು, ಮೂಡಲಕ್ಕೆ ಬಂದಷ್ಟೂ ಒಣಗಾಡು. ತೇಗ, ಮತ್ತಿ, ದಿಂಡಿಗ, ಹೊನ್ನೆ ಕಡಿಮೆಯಾಗುತ್ತಾ ಮುಳ್ಳುಪೊದೆ ಶುರುವಾಗುತ್ತದೆ. ಎಲ್ಲೆಲ್ಲೂ ಲಂಟಾನ. ಅದರಡಿ ಹುಲ್ಲು ಹುಟ್ಟುವುದಿಲ್ಲ, ಬೇಸಿಗೆಯಲ್ಲಿ ಬೆಂಕಿ ಬಿದ್ದರೆ ಹಿಡಿದು ನಿಲ್ಲಿಸುವವರಿಲ್ಲ. 2019ರ ಫೆಬ್ರವರಿಯಲ್ಲಿ ಸಾವಿರಾರು ಎಕರೆ ಸುಟ್ಟು ಗೋಪಾಲಸ್ವಾಮಿ ಬೆಟ್ಟದ ಮಗ್ಗುಲೂ ಕಪ್ಪಾಗಿತ್ತು. ಈ ಕಾಡಿನ ಒಳಹೊರಗನ್ನು ತಲೆಮಾರುಗಳಿಂದ ಬಲ್ಲ ಜೇನುಕುರುಬರು, ಸೋಲಿಗರು ಈಗ ಅಂಚಿನ ಕಾಲೊನಿಗಳಲ್ಲಿದ್ದಾರೆ. ಬೆಂಕಿ ಕಾಯುವ, ಹೆಜ್ಜೆ ಹುಡುಕುವ ಕೆಲಸಕ್ಕೆ ಇಲಾಖೆ ಕರೆಯುವುದು ಅವರನ್ನೇ.

ಅಂಚಿನ ಹಳ್ಳಿಗಳ ಚರಿತ್ರೆಯಲ್ಲಿ ಸಗಣಿಗೂ ಒಂದು ಅಧ್ಯಾಯವಿದೆ. ಇಲ್ಲಿ ಸಾಕುವ ನಾಟಿ ದನ ಹಾಲಿಗಲ್ಲ, ಗೊಬ್ಬರಕ್ಕೆ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಬೆಳೆ ಕೆಟ್ಟಿತು, ಜಗತ್ತಿನಲ್ಲೆಲ್ಲ ಕಾಫಿ ಬೆಲೆ ಏರಿತು. ಘಟ್ಟದ ತೋಟಗಾರರು ಗೊಬ್ಬರಕ್ಕೆ ಹೆಚ್ಚು ದುಡ್ಡು ಕೊಡಲು ಮುಂದಾದರು. ಅಲ್ಲಿವರೆಗೆ ಸ್ವಂತ ಹೊಲಕ್ಕೆ ಹಾಕುತ್ತಿದ್ದ ತಿಪ್ಪೆಗೊಬ್ಬರ ಲಾರಿ ಏರಿ ಘಟ್ಟಕ್ಕೆ ಹೊರಟಿತು. ದನ ಹೆಚ್ಚಾದವು, ಅವು ಮೇಯಬೇಕಾದದ್ದು ಬಂಡೀಪುರದ ಕಾಡಿನಲ್ಲೇ. ಎಂ.ಡಿ. ಮಧುಸೂದನ್ ಈ ಸಂಬಂಧವನ್ನು ಅಧ್ಯಯನ ಮಾಡಿ ಬರೆದಿದ್ದಾರೆ. ಕಾಡು ಉಳಿಸುವ ಮಾತಾಡುವವರೆಲ್ಲ ಓದಬೇಕಾದ ಬರಹ ಅದು. ಬ್ರೆಜಿಲ್‌ನ ಒಂದು ರಾತ್ರಿಯ ಚಳಿಗೆ ಇಲ್ಲಿನ ಜಿಂಕೆಯ ಹುಲ್ಲು ಕಡಿಮೆಯಾದದ್ದನ್ನು ತಿಳಿದ ಮೇಲೆ, ದನ ಬಿಟ್ಟ ಬಡವನೊಬ್ಬನನ್ನೇ ದೂರುವುದು ಸರಿಯೆನಿಸುವುದಿಲ್ಲ. ಅದೇ ರೈತ ರಾತ್ರಿಯಿಡೀ ಅಟ್ಟಣೆಯ ಮೇಲೆ ಕುಳಿತು ರಾಗಿ, ಜೋಳ ಕಾಯುತ್ತಾನೆ. ಆನೆ ಕಂದಕ, ಸೋಲಾರ್ ಬೇಲಿ, ರೈಲು ಹಳಿಯ ತಡೆ, ಎಲ್ಲವೂ ಬಂದಿವೆ. ಆನೆಯೂ ಬರುತ್ತಿದೆ.

ನೀರಿನ ಪಾಡೂ ಹಾಗೆಯೇ. ಘಟ್ಟದ ಮಳೆ ನೆರಳಿನಲ್ಲಿರುವ ಈ ತಾಲ್ಲೂಕಿನಲ್ಲಿ ಹುಟ್ಟಿದವರು ಅಬ್ದುಲ್ ನಜೀರ್ ಸಾಬ್. ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿ ಅವರು ಹಳ್ಳಿ ಹಳ್ಳಿಗೆ ಕೊಳವೆಬಾವಿ ಹಾಕಿಸಿದರು, ಅಧಿಕಾರವನ್ನು ಪಂಚಾಯತಿಗೆ ಇಳಿಸುವ ಕಾನೂನು ತಂದರು. 1988ರಲ್ಲಿ ತೀರಿಕೊಂಡರೂ ಜನ ಇಂದಿಗೂ ಅವರನ್ನು ‘ನೀರ್ ಸಾಬ್’ ಎಂದೇ ಕರೆಯುತ್ತಾರೆ. ಕೊಡ ಹಿಡಿದು ಮೈಲಿ ನಡೆಯುವ ತಾಯಂದಿರನ್ನು ಹುಟ್ಟೂರಲ್ಲೇ ನೋಡಿ ಬೆಳೆದವರಿಗೆ ಆ ಕೆಲಸದ ತುರ್ತು ಬೇರೆಯವರು ಕಲಿಸಬೇಕಿರಲಿಲ್ಲ. 1972ರಲ್ಲಿ ರಾಜ್ಯ ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್ ಆದ ಕೆ.ಎಸ್. ನಾಗರತ್ನಮ್ಮ ಇದೇ ಗುಂಡ್ಲುಪೇಟೆ ಕ್ಷೇತ್ರದವರು.

ರಸ್ತೆಯ ಮಾತು ಇನ್ನೂ ಮುಗಿದಿಲ್ಲ. ರಾತ್ರಿ ವಾಹನಗಳಿಗೆ ಸಿಕ್ಕಿ ಜಿಂಕೆ, ಚಿರತೆ, ಆನೆ ಸಾಯುವುದು ಹೆಚ್ಚಾದಾಗ 2009ರಲ್ಲಿ ಕಾಡಿನ ಎರಡೂ ಹೆದ್ದಾರಿಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರ ನಿಲ್ಲಿಸಲಾಯಿತು. 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಂಬುಲೆನ್ಸ್‌ಗೂ ಕೆಲವೇ ಬಸ್ಸುಗಳಿಗೂ ವಿನಾಯಿತಿ. ವಯನಾಡಿನವರು ಇದರ ವಿರುದ್ಧ ದೊಡ್ಡ ಹೋರಾಟ ಮಾಡಿದ್ದಾರೆ, ವಿಷಯ ಸುಪ್ರೀಂ ಕೋರ್ಟಿಗೂ ಹೋಗಿದೆ. ಅವರ ಕಷ್ಟ ಸುಳ್ಳಲ್ಲ. ಆದರೆ ಗೋಣಿಕೊಪ್ಪ, ಕುಟ್ಟದ ಮೇಲೆ ಬೇರೆ ದಾರಿಯಿದೆ, ಪ್ರಾಣಿಗೆ ಬೇರೆ ಕಾಡಿಲ್ಲ. ಒಂಬತ್ತು ನೂರು ವರ್ಷ ಹಗಲಿರುಳು ಮನುಷ್ಯರಿಗೆ ತೆರೆದಿದ್ದ ದಾರಿಯನ್ನು ಒಂಬತ್ತು ಗಂಟೆ ಕಾಲ ಪ್ರಾಣಿಗಳಿಗೆ ಬಿಟ್ಟುಕೊಡುವುದು ನ್ಯಾಯವೆಂದೇ ನನ್ನ ಮತ.

ನೋಡಲು ಹೊರಡುವವರಿಗೆ ಮುಂಗಾರಿನ ನಡುವಣ ದಿನಗಳು ಒಳ್ಳೆಯವು. ಆಗ ಬೇಗೂರಿನಿಂದ ಹಂಗಳದವರೆಗೆ ರಸ್ತೆಯ ಎರಡೂ ಬದಿ ಸೂರ್ಯಕಾಂತಿ, ಚೆಂಡುಹೂವು. ಚೆಂಡುಹೂವು ದೇವರ ಮುಡಿಗಲ್ಲ, ಬಣ್ಣ ತೆಗೆಯುವ ಕಾರ್ಖಾನೆಗಳಿಗೆ ಒಪ್ಪಂದದ ಮೇಲೆ ಬೆಳೆದದ್ದು. ಹೊಲಕ್ಕಿಳಿದು ಚಿತ್ರ ತೆಗೆಯುವ ಮುನ್ನ ರೈತನನ್ನು ಕೇಳಬೇಕು, ಗಿಡ ತುಳಿದರೆ ನಷ್ಟ ಅವನದು. ಅರಿಸಿನ, ಸಣ್ಣ ಈರುಳ್ಳಿ, ಟೊಮ್ಯಾಟೊ, ಬೀನ್ಸ್ ಬೆಳೆಯುವ ಹೊಲಗಳೂ ನಡುನಡುವೆ ಸಿಗುತ್ತವೆ. ಬೆಳಿಗ್ಗೆ ಬೆಟ್ಟ ಹತ್ತಿ, ನಡು ಹಗಲಿಗೆ ಗುಂಡ್ಲುಪೇಟೆಯ ಗುಡಿಗಳನ್ನು ನೋಡಿ, ಹೊತ್ತು ಇಳಿದಾಗ ತೆರಕಣಾಂಬಿಯ ತರಕಾರಿ ಮಾರುಕಟ್ಟೆಗೆ ಹೋಗಿ. ದಣ್ಣಾಯಕರ ರಾಜಧಾನಿ ಈಗ ಬದುಕಿರುವುದು ಅಲ್ಲಿ. ಓಣಂ ಹತ್ತಿರ ಬಂದರಂತೂ ಕಾಲಿಡಲು ಜಾಗವಿರುವುದಿಲ್ಲ. ಕನ್ನಡ, ಮಲಯಾಳ, ತಮಿಳು ಮೂರರಲ್ಲೂ ಚೌಕಾಸಿ ನಡೆಯುತ್ತದೆ. ಲಾರಿಯವರು ಮೂಟೆ ಎಣಿಸುತ್ತಾ ಹಮಾಲರನ್ನು ಅವಸರಪಡಿಸುತ್ತಾರೆ, ರಾತ್ರಿ ಒಂಬತ್ತರೊಳಗೆ ಅವರು ಮದ್ದೂರು ಚೆಕ್‌ಪೋಸ್ಟ್ ದಾಟಬೇಕು.