ಅನಾನಸ್: ಆತಿಥ್ಯದ ಸಂಕೇತ

ಬ್ರಿಟನ್ ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಅನಾನಸ್ ಹಣ್ಣಿನ ಆಕೃತಿಯನ್ನು ಆತಿಥ್ಯದ ಸಂಕೇತವೆಂದು ಪರಿಗಣಿಸಲಾಗುತ್ತದೆ. ಮನೆಯ ಹೆಬ್ಬಾಗಿಲು, ಗೇಟಿನ ಕಂಬ, ಮಂಚದ ಕಂಬ ಹಾಗೂ ವಸತಿಗೃಹಗಳ ನಾಮಫಲಕಗಳಲ್ಲಿ ಇದನ್ನು ಕಾಣಬಹುದು. ಮೊದಲು ಸಿರಿವಂತಿಕೆಯ ಗುರುತಾಗಿದ್ದ ಈ ಹಣ್ಣು ಕಾಲಕ್ರಮೇಣ ಸ್ವಾಗತದ ಗುರುತಾಯಿತು.

ಮೂಲ ಮತ್ತು ಹೆಸರು

ಅನಾನಸ್ ದಕ್ಷಿಣ ಅಮೆರಿಕ ಮೂಲದ ಸಸ್ಯ. ಯುರೋಪಿಯನ್ನರು ಬರುವ ಮೊದಲೇ ಮೂಲನಿವಾಸಿಗಳು ಇದರ ಬೇಸಾಯವನ್ನು ಕೆರಿಬಿಯನ್ ದ್ವೀಪಗಳವರೆಗೆ ಹರಡಿದ್ದರು. 1493ರಲ್ಲಿ ಕೊಲಂಬಸನ ತಂಡವು ಗ್ವಾಡಲೂಪ್ ದ್ವೀಪದಲ್ಲಿ ಈ ಹಣ್ಣನ್ನು ಕಂಡಿತು. ಟುಪಿ ಭಾಷೆಯ ಮೂಲದ ಇದರ ಹೆಸರು ಪೋರ್ಚುಗೀಸಿನ ಮೂಲಕ ಕನ್ನಡಕ್ಕೂ ಬಂದಿದೆ. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಈ ಹಣ್ಣನ್ನು ಭಾರತಕ್ಕೆ ತಂದರು.

ಯುರೋಪಿನಲ್ಲಿ

ದೀರ್ಘ ಸಮುದ್ರಯಾನದಲ್ಲಿ ಹಣ್ಣುಗಳು ಬಹುಮಟ್ಟಿಗೆ ಕೊಳೆತುಹೋಗುತ್ತಿದ್ದವು. ಯುರೋಪಿನ ಚಳಿಯಲ್ಲಿ ಇದನ್ನು ಬೆಳೆಯಲು ಬೆಚ್ಚನೆಯ ಗಾಜಿನ ಮನೆ, ಇಂಧನ ಮತ್ತು ನುರಿತ ತೋಟಗಾರರು ಬೇಕಾಗಿದ್ದರು. ಆದುದರಿಂದ ಇದು ಅರಸರ ಮತ್ತು ಶ್ರೀಮಂತರ ಹಣ್ಣಾಯಿತು. ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸನಿಗೆ ಅನಾನಸನ್ನು ಅರ್ಪಿಸುತ್ತಿರುವ 17ನೆಯ ಶತಮಾನದ ವರ್ಣಚಿತ್ರವು ಪ್ರಸಿದ್ಧವಾಗಿದೆ. ಸ್ಕಾಟ್ಲೆಂಡಿನ ಡನ್‌ಮೋರ್‌ನಲ್ಲಿ 18ನೆಯ ಶತಮಾನದ ಉದ್ಯಾನ ಮಂಟಪವೊಂದರ ಶಿಖರವೇ ಬೃಹತ್ ಅನಾನಸಿನ ರೂಪದಲ್ಲಿದೆ. ಔತಣದ ಮೇಜಿನ ನಡುವೆ ಇಡುತ್ತಿದ್ದ ಈ ಹಣ್ಣು ಅತಿಥಿಗೆ ಸಲ್ಲಿಸಿದ ಗೌರವವೂ ಆತಿಥೇಯನ ಅಂತಸ್ತಿನ ಪ್ರದರ್ಶನವೂ ಆಗಿತ್ತು.

ಅಮೆರಿಕದಲ್ಲಿ

ಅಮೆರಿಕದ ಬ್ರಿಟಿಷ್ ವಸಾಹತುಗಳಿಗೆ ಅನಾನಸ್ ಬರುತ್ತಿದ್ದುದು ಕೆರಿಬಿಯನ್ ದ್ವೀಪಗಳಿಂದ. ಆ ದ್ವೀಪಗಳ ತೋಟಗಾರಿಕೆ ಮತ್ತು ವ್ಯಾಪಾರ ಆಫ್ರಿಕನ್ ಗುಲಾಮರ ದುಡಿಮೆಯ ಮೇಲೆ ನಿಂತಿದ್ದವು. ಯಾನ ಮುಗಿಸಿ ಬಂದ ಹಡಗಿನ ಕಪ್ತಾನರು ಗೇಟಿಗೆ ಅನಾನಸ್ ಸಿಕ್ಕಿಸಿ ನೆರೆಹೊರೆಯವರನ್ನು ಆಹ್ವಾನಿಸುತ್ತಿದ್ದರೆಂಬ ಕಥೆ ಜನಪ್ರಿಯವಾಗಿದೆಯಾದರೂ ಅದಕ್ಕೆ ದೃಢವಾದ ಸಮಕಾಲೀನ ಆಧಾರವಿಲ್ಲ. ಹಳೆಯ ಕಟ್ಟಡಗಳ ಮೇಲಿನ ಕೆಲವು 'ಅನಾನಸ್'ಗಳು ವಾಸ್ತವವಾಗಿ ಪೈನ್ ಮರದ ಕಾಯಿಯ ಆಕೃತಿಗಳು.

1901ರಲ್ಲಿ ಜೇಮ್ಸ್ ಡೋಲ್ ಹವಾಯಿಯಲ್ಲಿ ಅನಾನಸ್ ಕಂಪನಿಯನ್ನು ಸ್ಥಾಪಿಸಿದನು. ಡಬ್ಬಿಯಲ್ಲಿ ತುಂಬಿದ ಹಣ್ಣು ಸಾಮಾನ್ಯರ ಕೈಗೂ ಎಟುಕಿತು. ಹಣ್ಣಿನ ದುರ್ಲಭತೆ ಹೋದರೂ ಸ್ವಾಗತದ ಅರ್ಥ ಉಳಿಯಿತು. ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್ಟನ್ ನಗರದಲ್ಲಿರುವ ಅನಾನಸ್ ಕಾರಂಜಿ ಇದಕ್ಕೊಂದು ನಿದರ್ಶನ.

ಕರ್ನಾಟಕದಲ್ಲಿ

ಮಲೆನಾಡು ಮತ್ತು ಕರಾವಳಿಯಲ್ಲಿ ಅನಾನಸ್ ಬೆಳೆಯಲಾಗುತ್ತದೆ. ಇಲ್ಲಿ ಅದು ಸ್ವಾಗತದ ಸಂಕೇತವಲ್ಲ. ಆ ಸ್ಥಾನ ಮಾವಿನ ತೋರಣ ಮತ್ತು ರಂಗೋಲಿಗೆ ಸಲ್ಲುತ್ತದೆ. ಆದರೆ ಮದುವೆಯ ಊಟಗಳಲ್ಲಿ ಅನಾನಸಿನ ಗೊಜ್ಜು, ಮೆಣಸ್ಕಾಯಿ ಮತ್ತು ಕೇಸರಿಬಾತುಗಳನ್ನು ಅತಿಥಿಗಳಿಗೆ ಬಡಿಸುವುದುಂಟು.